ಪ್ಲಾನ್ ಏರಿಸೋ ಮುಂಚೆ ರೌಟರ್ ಎಲ್ಲಿದೆ ನೋಡಿ

ಕಾಲೇಜಿನ ಹತ್ತಿರ ಬಾಡಿಗೆ ಮನೆಯಲ್ಲಿ ನಾವು ನಾಲ್ವರು ಇದ್ದೀವಿ. ಇರೋದು ಒಂದೇ 100 ಎಂಬಿಪಿಎಸ್ ಕನೆಕ್ಷನ್. ಅದಕ್ಕೆ ನಾಲ್ಕು ಫೋನು, ಮೂರು ಲ್ಯಾಪ್‌ಟಾಪು, ಹಾಲ್‌ನಲ್ಲೊಂದು ಟಿವಿ. ರಾತ್ರಿ ಮ್ಯಾಚ್ ಹಾಕಿದರೆ ಸಾಕು, ಕೊನೇ ಓವರ್‌ಗೆ ಸರಿಯಾಗಿ ಚಕ್ರ ತಿರುಗೋಕೆ ಶುರು.

'300ರ ಪ್ಲಾನ್ ಹಾಕಿಸೋಣ, ತಲೆಗೆ ನೂರು ರೂಪಾಯಿ ಜಾಸ್ತಿ ಅಷ್ಟೇ' ಅಂತ ಮೂವರು ತೀರ್ಮಾನ ಮಾಡಿಬಿಟ್ಟೆವು. ನಾಲ್ಕನೆಯವನು ಮಾತಾಡಲಿಲ್ಲ. ಮನೆಯಿಂದ ಎಣಿಸಿ ಕಳಿಸೋ ದುಡ್ಡಲ್ಲಿ ತಿಂಗಳು ದೂಡೋನು ಅವನು. ಸ್ವಲ್ಪ ಹೊತ್ತಾದ ಮೇಲೆ, 'ಮೊದಲು ಅಳೆದು ನೋಡೋಣ್ವಾ?' ಅಂದ.

ಅಳೆದೆವು. ರೌಟರ್ ಪಕ್ಕದಲ್ಲಿ 90ರ ಮೇಲೆ, ಹಿಂದಿನ ರೂಮಿನಲ್ಲಿ ಬರೀ 7! ಫುಲ್ ಎಚ್‌ಡಿಗೆ ನೆಟ್‌ಫ್ಲಿಕ್ಸ್ ಕೇಳೋದೇ 5 ಎಂಬಿಪಿಎಸ್, 4ಕೆಗೆ 15. ನಾಲ್ವರೂ ಫೋನಲ್ಲಿ ಎಚ್‌ಡಿ ನೋಡ್ತಾ, ಟಿವಿಯಲ್ಲಿ 4ಕೆ ಓಡಿದರೂ ಲೆಕ್ಕ 35 ದಾಟಲ್ಲ. ಅಂದರೆ 100 ಬೇಕಾದಷ್ಟಾಯ್ತು. 300 ಹಾಕಿಸಿದ್ದರೂ ಹಿಂದಿನ ರೂಮಿಗೆ ಸಿಗ್ತಿದ್ದದ್ದು ಅದೇ 7.

ತಪ್ಪು ಇದ್ದದ್ದು ಮನೆಯೊಳಗೆ. ರೌಟರ್ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡ್ ಹಿಂದೆ ಕೂತಿತ್ತು. 5 ಗಿಗಾಹರ್ಟ್ಸ್‌ಗೆ ವೇಗ ಇದೆ, ಆದರೆ ಗೋಡೆ ದಾಟೋದು ಕಷ್ಟ. 2.4 ದೂರ ಹೋಗುತ್ತೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಸಾಲು ಸಾಲು ಪಿಜಿ ಇರೋ ನಮ್ಮ ಬೀದಿಯಲ್ಲಿ ಎಲ್ಲರ ರೌಟರ್‌ಗಳೂ ಅಲ್ಲೇ ಕಿತ್ತಾಡ್ತಿವೆ. ಸಾಲದ್ದಕ್ಕೆ, ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಸಿಗ್ನಲ್ ಕಮ್ಮಿ ಇರೋ ಫೋನ್ ನಿಧಾನವಾಗಿ ಮಾತಾಡುತ್ತೆ, ಉಳಿದವರು ಕಾಯ್ತಾರೆ. ವೈವಾದಲ್ಲಿ ಒಬ್ಬ ಎಳೆದರೆ ಹೊರಗೆ ಇಡೀ ಬ್ಯಾಚ್ ನಿಂತಿರುತ್ತಲ್ಲ, ಹಾಗೆ.

ಫೈಬರ್ ಬಾಕ್ಸ್ ಇದ್ದಲ್ಲೇ ಬಿಟ್ಟು, ಕೇಬಲ್ ಎಳೆದು ರೌಟರನ್ನು ಮನೆಯ ನಡುವೆ ಬೀರು ಮೇಲಿಟ್ಟೆವು. ಟಿವಿ ಅಲ್ಲಾಡೋದಿಲ್ಲ, ಅದಕ್ಕೆ ವೈಫೈ ಯಾಕೆ? ಲ್ಯಾನ್ ಕೇಬಲ್ ಚುಚ್ಚಿದೆವು. ಫೋಟೋ ಬ್ಯಾಕಪ್, ಅಪ್‌ಡೇಟ್‌ಗಳನ್ನೆಲ್ಲ ಮಲಗೋ ಹೊತ್ತಿಗೆ ತಳ್ಳಿದೆವು. ಈಗ ಹಿಂದಿನ ರೂಮಿನಲ್ಲಿ 30ರ ಆಸುಪಾಸು ಬರ್ತಿದೆ. ಖರ್ಚಾಗಿದ್ದು ಎರಡು ಕೇಬಲ್‌ನ ದುಡ್ಡು.

ಪ್ಲಾನ್ ಏರಿಸಲೇಬಾರದು ಅಂತಲ್ಲ. ರೌಟರ್ ಪಕ್ಕದಲ್ಲೇ ಸ್ಪೀಡ್ ಸಾಲದಿದ್ದರೆ ಏರಿಸಿ. ಆದರೆ ಇಂಜಿನಿಯರಿಂಗ್ ಓದ್ತಾ ಇರೋ ನಾವೇ ಅಳೆಯದೆ ದುಡ್ಡು ಸುರಿಯೋಕೆ ಹೊರಟರೆ ಹೇಗೆ? ನಮಗೆ ಅಳೆಯೋಕೆ ಹಿಡಿದದ್ದು ಹತ್ತೇ ನಿಮಿಷ. ಗೆಳೆಯನ ಹತ್ತಿರ ನೂರು ರೂಪಾಯಿ ಕೇಳೋ ಮುಂಚೆ ಆ ಹತ್ತು ನಿಮಿಷ ನಾವು ಕೊಡಬೇಕಿತ್ತು.