ಗಿಡಾನೂ ಇರಲಿ, ಬ್ರೂನೋನೂ ಇರಲಿ

ಸಿಟಿಯಲ್ಲಿ ಮನೆ ಮಾಡಿದ ಮೇಲೆ ಎರಡು ಆಸೆ ಜೊತೆಜೊತೆಗೇ ಹುಟ್ಟುತ್ತವೆ. ಬಾಲ್ಕನಿ ತುಂಬಾ ಹಸಿರು ಇರಬೇಕು, ಕಾಲಿಗೆ ಸುತ್ತಿಕೊಳ್ಳೋಕೆ ಒಂದು ನಾಯಿನೋ ಬೆಕ್ಕೋ ಇರಬೇಕು. ಆರು ತಿಂಗಳಾಗೋ ಹೊತ್ತಿಗೆ ಕುಂಡದ ಮಣ್ಣೆಲ್ಲ ಹಾಲ್‌ನಲ್ಲಿ. "ಗಿಡ ಬೇಕಾ, ನಾಯಿ ಬೇಕಾ, ಒಂದು ತೀರ್ಮಾನ ಮಾಡು" ಅಂತ ಮನೆಯಲ್ಲಿ ಪಂಚಾಯ್ತಿ ಶುರು. ಎರಡೂ ಬೇಕು ಅನ್ನೋರಿಗೆ ಈ ವಾರದ ಅಂಕಣ.

ಮೊದಲು ಜೀವದ ಪ್ರಶ್ನೆ. ಲಾಲ್‌ಬಾಗ್ ಫ್ಲವರ್ ಶೋಗೆ ಹೋದಾಗ ಅಥವಾ ಸಿದ್ದಾಪುರದ ನರ್ಸರಿಗಳಲ್ಲಿ ಸುತ್ತಾಡುವಾಗ ನಾವು ಕೇಳೋದು "ಬಿಸಿಲು ಎಷ್ಟು ಬೇಕು, ನೀರು ಎಷ್ಟು ಹಾಕಬೇಕು" ಅಂತ ಮಾತ್ರ. "ನಾಯಿ ತಿಂದರೆ ಏನಾಗುತ್ತೆ?" ಅಂತ ಕೇಳೋದೇ ಇಲ್ಲ. ಸಾಗೋ ಪಾಮ್ ಅಂತ ಮಾರುವ ಸೈಕಸ್ ಗಿಡದ ಎಲ್ಲಾ ಭಾಗವೂ ವಿಷ. ಅದರ ಬೀಜ ತಿಂದ ನಾಯಿಯ ಲಿವರ್ ಕೈಕೊಡಬಹುದು. ಅಮ್ಮ ಪೂಜೆಗೆ ಅಂತ ಬೆಳೆಸುವ ಕಣಗಿಲೆ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತೆ. ಬೆಕ್ಕಿನ ಮನೆಗಂತೂ ಲಿಲ್ಲಿ ಹೂವು ಬರಲೇಬಾರದು, ಬರ್ತ್‌ಡೇ ಬೊಕ್ಕೆಯಲ್ಲೂ ಬೇಡ. ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಹೋಗಬಹುದು.

ಮನಿ ಪ್ಲಾಂಟ್, ಡೀಫನ್‌ಬಾಕಿಯಾ, ಮಾನ್‌ಸ್ಟೆರಾ ಇಷ್ಟು ಭಯಂಕರ ಅಲ್ಲ. ಆದರೆ ಕಚ್ಚಿದರೆ ಅವುಗಳಲ್ಲಿರುವ ಸೂಜಿಯಂಥ ಹರಳುಗಳು ಬಾಯಿಗೆ ಚುಚ್ಚಿ ಉರಿ, ಜೊಲ್ಲು, ವಾಂತಿ ಆಗುತ್ತೆ. ನಮಗೆ ಔಷಧಿಯಾದ ಲೋಳೆಸರ ತಿಂದರೂ ಅವಕ್ಕೆ ವಾಂತಿ, ಭೇದಿ. ಇಂಥವನ್ನು ಬಾಯಿಗೆ ಎಟುಕದ ಹಾಗೆ ತೂಗುಹಾಕಿ. ಬೆಕ್ಕಿಗೆ ಎಟುಕದ ಎತ್ತರ ಅಂತ ಯಾವುದೂ ಇಲ್ಲ, ಹಾಗಾಗಿ ಬೆಕ್ಕಿದ್ದರೆ ಯಾರಿಗಾದರೂ ಕೊಟ್ಟುಬಿಡೋದೇ ವಾಸಿ.

ಹಾಗಾದರೆ ಉಳಿದಿದ್ದೇನು? ಬೇಕಾದಷ್ಟಿದೆ! ದಾಸವಾಳ, ಗುಲಾಬಿ, ಮಲ್ಲಿಗೆ, ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ಎಲ್ಲಾ ಇಡಬಹುದು. ಕಣಗಿಲೆ ಹೋಯ್ತು ಅಂತ ಅಮ್ಮ ಮುನಿಸಿಕೊಂಡರೆ ಎರಡು ಬಣ್ಣದ ದಾಸವಾಳ ತಂದುಕೊಡಿ, ದೇವರಿಗೂ ಆಯ್ತು. ಒಂದು ಕುಂಡದಲ್ಲಿ ಗೋಧಿ ಚೆಲ್ಲಿ. ವಾರ, ಹತ್ತು ದಿನದಲ್ಲಿ ಹುಲ್ಲು ಬರುತ್ತೆ, ಅದು ಅವರ ಪಾಲು. ಮೇಯೋಕೆ ತಮ್ಮದೇ ಕುಂಡ ಇದ್ದರೆ ನಿಮ್ಮ ಗಿಡಗಳ ತಂಟೆಗೆ ಬರೋದು ಕಡಿಮೆ.

ಗಿಡಕ್ಕಿಂತ ಗೊಬ್ಬರದ್ದೇ ದೊಡ್ಡ ಅಪಾಯ. ಹರಳು ಹಿಂಡಿಯನ್ನು "ಸಾವಯವ" ಅಂತ ನಂಬಿ ಕುಂಡಕ್ಕೆ ಹಾಕ್ತೀವಿ. ಹರಳು ಬೀಜದ ರೈಸಿನ್ ಅನ್ನೋ ವಿಷ ಎಣ್ಣೆ ತೆಗೆದ ಮೇಲೆ ಹಿಂಡಿಯಲ್ಲೇ ಉಳಿದಿರಬಹುದು. ಜೊತೆಗೆ ಮೂಳೆ ಪುಡಿ ಬೆರೆಸಿದ್ದರೆ ಆ ವಾಸನೆಗೆ ನಾಯಿ ಮಣ್ಣು ಕೆದಕಿ ತಿನ್ನುತ್ತೆ, ಪ್ರಾಣಕ್ಕೇ ಕುತ್ತು. ಅದರ ಬದಲು ಎರೆಗೊಬ್ಬರ ಹಾಕಿ. ಮಳೆಗಾಲದಲ್ಲಿ ಬಸವನಹುಳುವಿಗೆ ಇಡುವ ವಿಷದ ಕಾಳನ್ನೂ ತರಬೇಡಿ, ಸಂಜೆ ಹೊತ್ತು ಕೈಗೆ ಗ್ಲೌಸ್ ಹಾಕಿಕೊಂಡು ಆರಿಸಿ ತೆಗೆಯಿರಿ.

ಇನ್ನು ಪ್ಲಾನಿಂಗ್. ನಾಯಿ ದಿನಾ ಓಡಾಡುವ ದಾರಿಯನ್ನು ಒಂದು ವಾರ ಗಮನಿಸಿ. ಕಾಂಪೌಂಡ್ ಉದ್ದಕ್ಕೂ, ಗೇಟಿನ ಹತ್ತಿರ ಅದರ ಬೀಟ್ ಇದ್ದೇ ಇರುತ್ತೆ. ಆ ದಾರಿ ಬಿಟ್ಟು ಗಿಡ ನೆಡಿ, ಅದರ ಜೊತೆ ಹೋರಾಡಿ ಗೆಲ್ಲೋಕಾಗಲ್ಲ. ಮೂತ್ರ ಬಿದ್ದ ಹುಲ್ಲು ಸುಡೋದು ಅದರಲ್ಲಿನ ಸಾರಜನಕ, ಲವಣದಿಂದ. ಕೂಡಲೇ ಒಂದು ಮಗ್ ನೀರು ಸುರಿದರೆ ಉಳಿಯುತ್ತೆ. ಬೆಕ್ಕು ಕುಂಡವನ್ನೇ ಟಾಯ್ಲೆಟ್ ಮಾಡಿಕೊಂಡಿದ್ದರೆ ಮಣ್ಣಿನ ಮೇಲೆ ದಪ್ಪ ಬೆಣಚುಕಲ್ಲು ಹರಡಿ, ಪಕ್ಕದಲ್ಲಿ ಮರಳಿನ ಟ್ರೇ ಇಡಿ. ಬಾಲ್ಕನಿ ಕಂಬಿಗೆ ಒತ್ತಿ ಕುಂಡ ಇಡಬೇಡಿ. ಅದು ಕೆಳಗೆ ಬೀಳೋಕೆ ಮೆಟ್ಟಿಲು ಕಟ್ಟಿಕೊಟ್ಟ ಹಾಗೆ. ನೆಟ್ ಹಾಕಿಸಿ.

ಇಷ್ಟೆಲ್ಲಾ ಆದರೂ ಏನೋ ತಿಂದುಬಿಟ್ಟರೆ? ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, "ನಾಳೆ ನೋಡೋಣ" ಅನ್ನಬೇಡಿ. ಗಿಡದ ಒಂದು ಎಲೆ ಅಥವಾ ಫೋಟೋ ಹಿಡಿದು ನೇರ ವೆಟ್ ಹತ್ತಿರ ಓಡಿ. ಆ ನಂಬರ್ ನಿಮ್ಮ ಫೋನಲ್ಲಿದೆಯಾ? ಇಲ್ಲದಿದ್ದರೆ ಇದನ್ನು ಓದಿ ಮುಗಿಸಿದ ತಕ್ಷಣ ಸೇವ್ ಮಾಡಿಕೊಳ್ಳಿ. ನಾಳೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋದಾಗ ಒಂದೊಂದೇ ಕುಂಡದ ಹೆಸರು ಚೆಕ್ ಮಾಡಿ.