ಬಿದ್ದವನ ಪ್ರಶ್ನೆ

ಪಡುವಣ ಅಮೇರಿಕೆಯ ಬಯಲುಸೀಮೆಯ ಕಥೆಗಳನ್ನು ತೋರಿಸುವ ಚಿತ್ರಪಟಗಳಲ್ಲಿ ಕಟ್ಟಕಡೆಗೆ ಪಿಸ್ತೂಲಿನ ಕಾಳಗವೊಂದು ತಪ್ಪದೆ ಬರುವದು. ಆ ಕಾಳಗದ ವಿಷಯವಾಗಿ ಸುಶಿಕ್ಷಿತರ ಮನೆಗಳಲ್ಲಿ ಎರಡು ಪಕ್ಷಗಳುಂಟು. ತರುಣರು ಅನ್ನುವದೇನಂದರೆ, ಕೈಯ ಚುರುಕು, ತಪ್ಪದ ಗುರಿ, ಗುಂಡಿನ ಸದ್ದು ಇವೇ ಅಂಥ ಚಿತ್ರಪಟದ ಜೀವಾಳವು. ಉಳಿದ ಕಥೆಯೆಲ್ಲವೂ ಆ ಕ್ಷಣಕ್ಕೆ ಹತ್ತಿಸುವ ಮೆಟ್ಟಿಲು ಮಾತ್ರ. ಹಿರಿಯರು ಅನ್ನುವದೇನಂದರೆ, ಇದು ಪರದೇಶದ ಒರಟುತನವು; ರಾಮಾಯಣ ಮಹಾಭಾರತಗಳನ್ನು ಓದಿ ಬೆಳೆದ ಮನೆಗಳಿಗೆ ಇದರ ಗಾಳಿಯೂ ಸೋಕಬಾರದು. ಈ ಎರಡು ಪಕ್ಷಗಳು ಪರಸ್ಪರ ವಿರುದ್ಧವಾಗಿ ಕಂಡರೂ ಅವೆರಡರ ಮೂಲದಲ್ಲಿರುವ ಭ್ರಾಂತಿಯು ಒಂದೇ. ಕಾಳಗದ ಸತ್ತ್ವವು ಹೊಡೆಯುವದರಲ್ಲಿದೆಯೆಂದು ಇಬ್ಬರೂ ನಂಬಿರುವರು. ಒಬ್ಬರು ಅದನ್ನು ಮೆಚ್ಚುವರು, ಮತ್ತೊಬ್ಬರು ಹೇಸುವರು. ಕೊನೆಯ ಕಾಳಗದ ಸತ್ತ್ವವಿರುವದು ಹೊಡೆದವನ ಕೈಯಲ್ಲಲ್ಲ, ಬಿದ್ದವನ ಬಾಯಲ್ಲಿ. ಬಿದ್ದವನಾಗಲಿ ಅವನ ಪರವಾಗಿ ಇನ್ನೊಬ್ಬನಾಗಲಿ ಪ್ರಶ್ನೆ ಕೇಳದ ಕಾಳಗವು ಕಥೆಯ ಮುಕ್ತಾಯವಲ್ಲ, ಬರಿಯ ಕೊಲೆ.

ಮೊದಲು ಹಿರಿಯರ ಪಕ್ಷವನ್ನು ವಿಚಾರಿಸತಕ್ಕದ್ದು. ಗಂಗಾವತಿ ತಾಲೂಕಿನ ಆನೆಗೊಂದಿಯ ಸುತ್ತಲಿನ ಹೆಬ್ಬಂಡೆಗಳ ಸೀಮೆಯೇ ಕಿಷ್ಕಿಂಧೆಯೆಂದು ಪರಂಪರೆಯು ಹೇಳುತ್ತ ಬಂದಿರುವದು. ಪಂಪಾಸರೋವರವೂ ಅಂಜನಾದ್ರಿಯೂ ಅಲ್ಲಿಯೇ ಇರುವವು. ಆ ಬಂಡೆಗಳ ನಡುವೆ ನಡೆದ ಕಾಳಗವಾದರೂ ಎಂಥದು? ವಾಲಿಸುಗ್ರೀವರು ದ್ವಂದ್ವಯುದ್ಧಕ್ಕೆ ನಿಂತಾಗ, ಮೊದಲನೆಯ ಸಲ ಅಣ್ಣತಮ್ಮಂದಿರ ರೂಪವು ಒಂದೇ ಆದುದರಿಂದ ರಾಮನು ಬಾಣ ಬಿಡಲಿಲ್ಲ. ಸುಗ್ರೀವನು ಪೆಟ್ಟು ತಿಂದು ಓಡಿ ಬಂದನು. ಎರಡನೆಯ ಸಲ ಗುರುತಿಗಾಗಿ ಲಕ್ಷ್ಮಣನು ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿಯನ್ನು ಕಟ್ಟಿದನು. ತಾರೆಯು ತಡೆದರೂ ವಾಲಿಯು ಹೊರಬಿದ್ದನು. ಇಬ್ಬರು ಎದುರೆದುರಾಗಿ ಸೆಣಸುತ್ತಿರಲು, ಮರೆಯಲ್ಲಿ ನಿಂತ ಮೂರನೆಯವನ ಬಾಣವು ವಾಲಿಯ ಎದೆಯನ್ನು ಹೊಕ್ಕಿತು. ಅಂದ ಮೇಲೆ ಕೊನೆಯ ಕಾಳಗವು ಪರದೇಶದಿಂದ ಬಂದ ಸರಕೆಂದು ಈ ಜಿಲ್ಲೆಯವರು ಯಾವ ಬಾಯಿಂದ ಹೇಳಬೇಕು?

ಆದರೆ ಮಹರ್ಷಿಯು ಬಾಣವು ನಟ್ಟಲ್ಲಿಗೆ ಕಥೆಯನ್ನು ಮುಗಿಸಲಿಲ್ಲ. ಕಿಷ್ಕಿಂಧಾಕಾಂಡದ 17ನೆಯ ಸರ್ಗದಲ್ಲಿ ನೆಲಕ್ಕುರುಳಿದ ವಾಲಿಯು ರಾಮನನ್ನು ಮುಖಾಮುಖಿಯಾಗಿ ಪ್ರಶ್ನಿಸುವನು: ಬೇರೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವು? 18ನೆಯ ಸರ್ಗದಲ್ಲಿ ರಾಮನು ಉತ್ತರ ಕೊಡುವನು: ತಮ್ಮನ ಹೆಂಡತಿಯಾದ ರುಮೆಯನ್ನು ಇಟ್ಟುಕೊಂಡದ್ದು ದಂಡಾರ್ಹವಾದ ಅಪರಾಧವು, ಭರತನ ಆಳಿಕೆಯಲ್ಲಿ ಆ ದಂಡವನ್ನು ನಡೆಯಿಸುವ ಅಧಿಕಾರವು ತನಗುಂಟು, ಬೇಟೆಯಲ್ಲಿ ಮೃಗವನ್ನು ಮರೆಯಿಂದ ಹೊಡೆಯುವದು ರಾಜರಿಗೆ ಸಲ್ಲುವದು. ಈ ಸಮಾಧಾನವು ಸಾಲುವದೋ ಸಾಲದೋ ಎಂಬ ವಿದ್ವಾಂಸರ ಚರ್ಚೆಯು ಇಂದಿಗೂ ನಿಂತಿಲ್ಲ. ಅದು ನಿಲ್ಲದಿರುವದೇ ಆ ಕಾವ್ಯದ ಹಿರಿಮೆ. ಬಾಣವು ಹಾರಿದ್ದು ಒಂದು ಕ್ಷಣ. ಅದರ ಲೆಕ್ಕವನ್ನು ಒಪ್ಪಿಸಲಿಕ್ಕೆ ಎರಡು ಸರ್ಗಗಳು ಬೇಕಾದವು. ಯುದ್ಧವನ್ನೂ ಮರಣವನ್ನೂ ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂಬುದು ನಾಟ್ಯಶಾಸ್ತ್ರದ ವಿಧಿಯು. ಹಾಗಿದ್ದರೂ ಭಾಸನ ಹೆಸರಿನಲ್ಲಿ ಬಂದಿರುವ ಅಭಿಷೇಕ ನಾಟಕದಲ್ಲಿ ವಾಲಿಯು ರಂಗದ ಮೇಲೆಯೇ ಸಾಯುವನು, ಮತ್ತು ಸಾಯುವ ಮುಂಚೆ ಕೇಳಬೇಕಾದುದನ್ನು ಕೇಳಿಯೇ ಸಾಯುವನು. ಪ್ರಶ್ನೆಯಿದ್ದುದರಿಂದಲೇ ಆ ವಿಧಿಯನ್ನು ಮೀರಿದ್ದು ದೋಷವೆನಿಸಲಿಲ್ಲವೆಂದು ಹೇಳಿದರೆ ತಪ್ಪಾಗಲಾರದು.

ಇನ್ನು ಅಮೇರಿಕೆಯವರ ಕಡೆಗೆ ತಿರುಗಿದರೆ, ಅವರಲ್ಲಿ ಉತ್ತಮರು ಇದೇ ಮರ್ಮವನ್ನು ಬಲ್ಲವರೆಂಬುದು ಕಂಡುಬರುವದು. ಜಾನ್ ಫೋರ್ಡನು 1962ರಲ್ಲಿ ತೆಗೆದ 'ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್' ಎಂಬ ಚಿತ್ರಪಟವನ್ನು ನೋಡಿರಿ. ಪಿಸ್ತೂಲು ಹಿಡಿದು ಬಳಕೆಯಿಲ್ಲದ ವಕೀಲನೊಬ್ಬನು ಊರಿನ ದುಷ್ಟನಿಗೆ ಎದುರಾಗುವನು, ದುಷ್ಟನು ಬೀಳುವನು, ವಕೀಲನು ಆ ಕೀರ್ತಿಯ ಬಲದಿಂದಲೇ ಮುಂದೆ ದೊಡ್ಡ ಪದವಿಗೆ ಏರುವನು. ಆದರೆ ನಿಜವಾಗಿ ಗುಂಡು ಹಾರಿಸಿದವನು ಪಕ್ಕದ ಕತ್ತಲೆಯಲ್ಲಿ ಮರೆಯಾಗಿ ನಿಂತಿದ್ದ ಮೂರನೆಯವನು! ಕಿಷ್ಕಿಂಧೆಯ ಕಥೆಯನ್ನು ಬಲ್ಲವನಿಗೆ ಇದು ಹೊಸದಾಗಿ ತೋರುವದೇ? ಆ ಮೂರನೆಯವನು ತಾನು ಮಾಡಿದ್ದು ಕೊಲೆಯೆಂದು ಒಪ್ಪಿಕೊಂಡು, ಹೇಳಹೆಸರಿಲ್ಲದೆ ಸಾಯುವನು. 1952ರ 'ಹೈ ನೂನ್' ಚಿತ್ರಪಟದಲ್ಲಿ ಊರವರಾರೂ ನೆರವಾಗದಿರಲು ಒಂಟಿಯಾಗಿ ಹೋರಾಡಿದ ಅಧಿಕಾರಿಯು, ಗೆದ್ದ ಮೇಲೆ ತನ್ನ ಅಧಿಕಾರದ ಬಿಲ್ಲೆಯನ್ನು ಕಿತ್ತು ಮಣ್ಣಿಗೆಸೆದು ಹೊರಟುಹೋಗುವನು. ಹಿಂಸೆಯನ್ನೊಪ್ಪದ ಮತದಲ್ಲಿ ನಡೆಯುತ್ತಿದ್ದ ಅವನ ಹೆಂಡತಿಯೇ ಒಬ್ಬನನ್ನು ಬೆನ್ನಹಿಂದಿನಿಂದ ಹೊಡೆದಿರುವಳು. 1992ರ 'ಅನ್‌ಫರ್ಗಿವನ್' ಚಿತ್ರಪಟದಲ್ಲಿ ಆಯುಧವಿಲ್ಲದವನನ್ನು ನಾಯಕನೇ ಹೊಡೆಯುವನು. ಬಿದ್ದ ಅಧಿಕಾರಿಯು, ಇಂಥ ಸಾವು ತನಗೆ ತಕ್ಕುದಲ್ಲವೆಂದು ಆಕ್ಷೇಪಿಸಿಯೇ ಸಾಯುವನು. ಇವು ಮನಸ್ಸಿನಲ್ಲಿ ಉಳಿದದ್ದು ಗುಂಡುಗಳ ಎಣಿಕೆಯಿಂದಲ್ಲ.

ಇಲ್ಲಿ ತರುಣರು ಒಂದು ಆಕ್ಷೇಪವನ್ನು ತರುವರು: "ಸರ್ಜಿಯೋ ಲಿಯೋನೆಯು 1966ರಲ್ಲಿ ತೆಗೆದ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಚಿತ್ರಪಟದ ಸ್ಮಶಾನದ ಕಾಳಗವನ್ನು ಜಗತ್ತೇ ಕೊಂಡಾಡುವದಲ್ಲವೇ? ಅಲ್ಲಿ ಪ್ರಶ್ನೆಯೆಲ್ಲಿ, ಉತ್ತರವೆಲ್ಲಿ?" ಆಕ್ಷೇಪವು ಬಲವಾದದ್ದೇ ಸರಿ. ಆ ವೃತ್ತದಲ್ಲಿ ಮೂವರು ನಿಂತು ಒಬ್ಬರನ್ನೊಬ್ಬರು ದಿಟ್ಟಿಸುವ ಬಗೆಯೂ, ಎನ್ನಿಯೋ ಮೊರಿಕೋನೆಯ ಸಂಗೀತವೂ ಅಸಾಧಾರಣವಾದವುಗಳೆಂಬುದು ನಿರ್ವಿವಾದವು. ಆದರೆ ವಾಚಕರು ಒಂದು ಸಂಗತಿಯನ್ನು ಮರೆಯಬಾರದು: ಮೂವರಲ್ಲೊಬ್ಬನ ಪಿಸ್ತೂಲಿನಲ್ಲಿ ಗುಂಡುಗಳೇ ಇದ್ದಿಲ್ಲ, ಹಿಂದಿನ ರಾತ್ರಿಯೇ ಇನ್ನೊಬ್ಬನು ಅವನ್ನು ತೆಗೆದಿದ್ದನು. ಸಮಬಲರ ಕಾಳಗವೆಂದು ತೋರಿದ್ದು ಮೊದಲೇ ಹೂಡಿದ ಉಪಾಯವಾಗಿತ್ತು, ಮತ್ತು ಅವರು ಕಾದಾಡಿದ್ದು ಹೂಳಿಟ್ಟ ಬಂಗಾರಕ್ಕೆ. ವೀರವನ್ನೇ ನಗೆಗೀಡುಮಾಡುವ ಚಿತ್ರಪಟವನ್ನು ವೀರದ ಮಾದರಿಯೆಂದು ಎತ್ತಿ ಹಿಡಿಯುವವರು ಅದನ್ನು ಕಣ್ಣಿನಿಂದ ನೋಡಿರುವರು, ಬುದ್ಧಿಯಿಂದ ನೋಡಿಲ್ಲ.

ಕಥೆಯನ್ನು ಬಿಟ್ಟು ನಿಜವಾಗಿ ನಡೆದುದನ್ನೇ ನೋಡಬಹುದು. ಅರಿಝೋನಾ ಪ್ರಾಂತದ ಟೂಂಬ್‌ಸ್ಟನ್ ಎಂಬ ಊರಲ್ಲಿ 1881ನೆಯ ಇಸವಿ ಅಕ್ಟೋಬರ 26ರಂದು ನಡೆದ ಗುಂಡಿನ ಕಾಳಗವು ಇಂಥ ಚಿತ್ರಪಟಗಳಿಗೆಲ್ಲ ಮಾತೃಕೆಯಿದ್ದಂತೆ. ಅದು ನಡೆದದ್ದು ಸುಮಾರು 30 ಸೆಕೆಂಡು, ಸತ್ತವರು ಮೂವರು. ಆ ಬಳಿಕ ನ್ಯಾಯಾಧಿಕಾರಿ ವೆಲ್ಸ್ ಸ್ಪೈಸರನ ಮುಂದೆ ಸುಮಾರು ಒಂದು ತಿಂಗಳು ವಿಚಾರಣೆ ನಡೆಯಿತು. ಸತ್ತವರಲ್ಲೊಬ್ಬನ ಕೈಯಲ್ಲಿ ಆಯುಧವಿತ್ತೋ ಇಲ್ಲವೋ ಎಂಬುದನ್ನು ಸಾಕ್ಷಿಗಳಿಂದ ಕೇಳಿದರು. ಗುಂಡು ಹಾರಿಸಿದವರನ್ನು ಕಡೆಗೆ ಬಿಟ್ಟರೆಂಬುದು ಬೇರೆ ಮಾತು. ಕೇಳದೆ ಬಿಡಲಿಲ್ಲವೆಂಬುದು ಮುಖ್ಯವು. ಆ ಕಾಳಗದ ಹೆಸರನ್ನೇ ಹೊತ್ತು 1957ರಲ್ಲಿ ಬಂದ ಪ್ರಸಿದ್ಧ ಚಿತ್ರಪಟವು ಅರ್ಧ ನಿಮಿಷವನ್ನು ಹಿಗ್ಗಲಿಸಿತು, ಒಂದು ತಿಂಗಳನ್ನು ನುಂಗಿತು.

ಕನ್ನಡನಾಡಿನ ನೆಲದ ಮೇಲೆ ತೆಗೆದ 'ಶೋಲೆ' ಎಂಬ ಹಿಂದೀ ಚಿತ್ರಪಟದ ಗತಿಯನ್ನೂ ಇಲ್ಲಿ ನೆನೆಯಬೇಕು. ಅಮೇರಿಕೆಯ ಈ ಮಾದರಿಯನ್ನು ಅನುಸರಿಸಿದ ಅದರ ಕಥೆಯು ನಡೆಯುವದು ರಾಮನಗರದ ಬಂಡೆಗಳ ನಡುವೆ. ಆನೆಗೊಂದಿಯ ಬಂಡೆಗಳಿಗೆ ಅವು ದಾಯಾದಿಗಳಂತೆ ಕಾಣುವವು. ಮೊದಲು ತೆಗೆದಂತೆ, ಎರಡೂ ಕೈಗಳನ್ನು ಕಳೆದುಕೊಂಡ ಠಾಕೂರನು ಮೊಳೆ ಬಡಿದ ಪಾದರಕ್ಷೆಗಳಿಂದ ಗಬ್ಬರಸಿಂಗನನ್ನು ತುಳಿದು ಕೊಂದು, ಆ ಮೇಲೆ ಅಳುವನು. ತುರ್ತು ಪರಿಸ್ಥಿತಿಯ ಕಾಲವಾದ 1975ರಲ್ಲಿ ಪರಿಶೀಲಕ ಮಂಡಳಿಯು ಇದಕ್ಕೆ ಒಪ್ಪದಿದ್ದುದರಿಂದ, ಪೋಲೀಸರು ಬಂದು ಕಾಯದೆಯ ಮಾತು ಹೇಳಿ ತಡೆಯುವಂತೆ ಮುಕ್ತಾಯವನ್ನು ತಿದ್ದಿದರು. ಕಾಯದೆಯ ಗೌರವವು ಉಳಿಯಿತೆಂದು ಕೆಲವರು ಸಂತೋಷಪಟ್ಟರು. ಕಳೆದುಹೋದದ್ದು ಯಾವದು? ಕೊಂದವನ ಅಳು. ಸೇಡು ತೀರಿದ ಮೇಲೆ ಉಳಿಯುವ ಶೂನ್ಯವನ್ನು ತೋರಿಸಿ, ಪ್ರೇಕ್ಷಕನನ್ನೇ ಪ್ರಶ್ನೆಗೆ ಗುರಿಮಾಡಬಹುದಾಗಿದ್ದ ಒಂದೇ ಕ್ಷಣವನ್ನು ಕತ್ತರಿಸಿ, ಅದರ ಸ್ಥಳದಲ್ಲಿ ಉಪದೇಶವನ್ನು ಅಂಟಿಸಿದರು.

ಕೊಪ್ಪಳದ ಕೋಟೆಯಲ್ಲಿಯೂ ಒಂದು ಕೊನೆಯ ಕಾಳಗವು ನಡೆದದ್ದುಂಟು. ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಆ ಕೋಟೆಯನ್ನು ಹಿಡಿದರು. ಮೇಜರ್ ಹ್ಯೂಜ್ಸನ ದಂಡು ಮುತ್ತಿತು. ಜೂನ್ 1ರಂದು ಕೋಟೆಯು ಬಿದ್ದಿತು, ಇಬ್ಬರೂ ಮಡಿದರು. ಗೆದ್ದವರು ತಮ್ಮ ವರದಿಗಳನ್ನು ಬರೆದಿಟ್ಟರು. ಬಿದ್ದವರಿಗೆ ತಮ್ಮ ಪ್ರಶ್ನೆಯನ್ನು ಕೇಳುವ ಅವಕಾಶವು ದೊರೆಯಲಿಲ್ಲ. ಕೇಳಿದ್ದರೂ ಅದನ್ನು ಬರೆದುಕೊಳ್ಳಲಿಕ್ಕೆ ಅವರ ಬಳಿಯಲ್ಲಿ ವಾಲ್ಮೀಕಿಯಿದ್ದಿಲ್ಲ. ಈ ಕಥೆಯನ್ನು ಯಾವನಾದರೂ ಚಿತ್ರಪಟವನ್ನಾಗಿ ಮಾಡುವದಾದರೆ, ತೋಪು ಬಂದೂಕುಗಳ ಹೊಗೆಯಿಂದ ಪರದೆಯನ್ನು ತುಂಬಿಸುವದು ಸುಲಭವು. ಆ ಇಬ್ಬರು ಏನನ್ನು ಕೇಳುತ್ತಿದ್ದರೆಂಬುದನ್ನು ಆಡಿಸಿ ತೋರಿಸುವದೇ ಕೆಲಸವು.

ಇದೆಲ್ಲ ಮನೋರಂಜನೆಯ ಮಾತು, ಇಷ್ಟು ಗುಡುಗುವದೇಕೆಂದು ಅನ್ನುವವರಿಗೆ ಒಂದೇ ಉದಾಹರಣೆ ಸಾಕು. ಕೊಪ್ಪಳ ಸೀಮೆಯು 1948ರ ವರೆಗೆ ಯಾವ ಹೈದರಾಬಾದ ಸಂಸ್ಥಾನದಲ್ಲಿತ್ತೋ, ಆ ಹೈದರಾಬಾದದ ಸಮೀಪದಲ್ಲಿ 2019ನೆಯ ಇಸವಿ ಡಿಸೆಂಬರ 6ರ ಬೆಳಗಿನಲ್ಲಿ, ಘೋರವಾದ ಅತ್ಯಾಚಾರ ಮತ್ತು ಕೊಲೆಯ ಆರೋಪ ಹೊತ್ತ ನಾಲ್ವರು ಪೋಲೀಸರ ವಶದಲ್ಲಿದ್ದಾಗಲೇ ಗುಂಡಿಗೆ ಬಲಿಯಾದರು. ಜನರು ಪೋಲೀಸರ ಮೇಲೆ ಹೂವು ಚೆಲ್ಲಿದರು. ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ಸಿರ್ಪುರಕರ ಆಯೋಗದ ವರದಿಯು 2022ರಲ್ಲಿ ಹೊರಬಂದಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದೆಂದು ಅದು ಅಭಿಪ್ರಾಯಪಟ್ಟಿತು. ಆ ವರದಿಯ ದಿನ ಹೂವು ಕಾಣಿಸಲಿಲ್ಲ. ಇಂಥ ಪ್ರತಿಯೊಂದು ಸಾವಿನ ವಿಷಯದಲ್ಲಿಯೂ ಫಿರ್ಯಾದು ದಾಖಲಾಗಬೇಕು, ಸ್ವತಂತ್ರ ತನಿಖೆ ನಡೆಯಬೇಕೆಂದು ಅದೇ ನ್ಯಾಯಾಲಯವು 2014ರಲ್ಲಿಯೇ ವಿಧಿಸಿತ್ತು. ವಿಚಾರಿಸಿದರೆ ಆ ವಿಧಿಯು ಬೇರೇನೂ ಅಲ್ಲ, ವಾಲಿಗೆ ಮಹರ್ಷಿಯು ಕೊಟ್ಟ ಹಕ್ಕೇ. ವಾಲಿಯು ನಿರ್ದೋಷಿಯೆಂದು ಯಾರೂ ಹೇಳಲಿಲ್ಲ. ದೋಷಿಗೂ ಪ್ರಶ್ನೆಯ ಹಕ್ಕುಂಟೆಂಬುದೇ ಅಲ್ಲಿಯ ಧರ್ಮವು. ಪರದೆಯ ಮುಂದೆ ಸದ್ದಿಗೆ ಚಪ್ಪಾಳೆ ತಟ್ಟಿ ಬಳಕೆಯಾದ ಕೈಗಳೇ ಬೀದಿಯಲ್ಲಿ ಹೂವು ಚೆಲ್ಲುವವು.

ಆದಕಾರಣ ಹಿರಿಯರು ಚಿತ್ರಪಟವನ್ನು ನಿಷೇಧಿಸುವ ಗೊಡವೆಗೆ ಹೋಗಬಾರದು, ತರುಣರು ಅದರ ಸದ್ದಿಗೆ ಮರುಳಾಗಬಾರದು. ಇಬ್ಬರೂ ಜೊತೆಯಲ್ಲಿ ಕೂತು ನೋಡಲಿ. ಕೊನೆಯ ಗುಂಡು ಹಾರಿದ ಮೇಲೆ ದೀಪ ಹಚ್ಚಿ, ಬಿದ್ದವನು ಏನು ಕೇಳಿದನು, ಹೊಡೆದವನು ಏನು ಉತ್ತರಿಸಿದನು ಎಂಬೆರಡನ್ನು ಮಕ್ಕಳಿಂದ ಹೇಳಿಸಲಿ. ಎರಡಕ್ಕೂ ಉತ್ತರವಿಲ್ಲದ ಚಿತ್ರಪಟವನ್ನು ಮತ್ತೊಮ್ಮೆ ನೋಡುವ ಕಾರಣವಿಲ್ಲ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಏರಿ ಇಳಿದ ಯಾತ್ರಿಕರು ಆನೆಗೊಂದಿಯಲ್ಲಿ ವಾಲಿಯ ಹೆಸರಿನ ಸ್ಥಳವನ್ನೂ ನೋಡಿ ಹೋಗಲಿ, ಜೊತೆಗಿರುವ ಮಕ್ಕಳಿಗೆ 17ನೆಯ ಸರ್ಗದ ಕಥೆಯನ್ನೂ ಬಿಡದೆ ಹೇಳಲಿ. ರಾಮನಿಗೆ ಅದರಿಂದ ಕುಂದು ಬರಲಾರದು. ಉತ್ತರ ಕೊಡಲಿಕ್ಕೆ ಅವನು ಹಿಂಜರಿಯಲಿಲ್ಲ.