ಅಸ್ತ್ರದರ್ಶನದ ಚಪಲ

ವಿಜಯವಾಡದ ಇಂದ್ರಕೀಲಾದ್ರಿಗೂ ಕನ್ನಡ ಸಾಹಿತ್ಯಕ್ಕೂ ಇರುವ ನಂಟು ಇಂದಿನದಲ್ಲ. ಪಂಪನ ಪೂರ್ವಜರು ವೆಂಗಿಮಂಡಲದವರು, ಎಂದರೆ ಕೃಷ್ಣಾ ಗೋದಾವರಿಗಳ ನಡುವಣ ಈ ಸೀಮೆಯವರೇ. ಅವನ ಅರ್ಜುನ ತಪಸ್ಸಿಗೆ ಹೋದದ್ದು ಇಂದ್ರಕೀಲಕ್ಕೆ. ಕುಮಾರವ್ಯಾಸನ ಅರ್ಜುನನೂ ಅಲ್ಲಿಗೇ ಹೋದ. ಆ ಇಂದ್ರಕೀಲ ಹಿಮಾಲಯದಲ್ಲಿತ್ತೋ ಕೃಷ್ಣೆಯ ದಡದಲ್ಲಿತ್ತೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ದಸರೆಯಲ್ಲಿ ಕನಕದುರ್ಗೆಯ ಗುಡಿಯ ಮೆಟ್ಟಿಲೇರುವ ಲಕ್ಷಾಂತರ ಭಕ್ತರ ಪಾಲಿಗೆ ಪಾರ್ಥನು ಶಿವನಿಂದ ಪಾಶುಪತವನ್ನು ಪಡೆದ ಬೆಟ್ಟ ಇದೇ. ವಿಜಯನ ಹೆಸರೇ ಊರಿನ ಹೆಸರಾಗಿದೆ. ಲೋಕವನ್ನೆಲ್ಲ ಸುಡಬಲ್ಲ ಆಯುಧವೊಂದು ಮನುಷ್ಯನ ಕೈಸೇರಿತೆಂದು ಕಥೆ ಹೇಳುವ ಈ ಬೆಟ್ಟದಿಂದ ಸುಮಾರು 350 ಕಿ.ಮೀ. ದೂರದ ವಿಶಾಖಪಟ್ಟಣದಲ್ಲಿ, ಕಥೆಯಲ್ಲಿ ಅಲ್ಲದೆ ನಿಜದಲ್ಲೇ ಅಂಥ ಆಯುಧವನ್ನು ಹೊರುವ ಜಲಾಂತರ್ಗಾಮಿಗಳು ನಿರ್ಮಾಣವಾಗುತ್ತಿವೆ. 2009ರ ಜುಲೈ 26ರಂದು ಅರಿಹಂತ ನೌಕೆಯ ಮೈಗೆ ತೆಂಗಿನಕಾಯಿ ಒಡೆದು ನೀರಿಗಿಳಿಸಿದ್ದು ಅಲ್ಲಿಯೇ.

ಈ ಎರಡು ಊರುಗಳ ನಡುವೆ ನಿಂತರೆ ನಮ್ಮ ಕಾಲದ ಚಪಲವೊಂದು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಅಣ್ವಸ್ತ್ರ ಸಿಡಿದ ಮೇಲಿನ ಜಗತ್ತನ್ನು ನೋಡಬೇಕೆಂಬ ಆಸೆ ನಮ್ಮಲ್ಲಿ ದಿನೇದಿನೇ ಬೆಳೆಯುತ್ತಿದೆ. ಅಣ್ವಸ್ತ್ರ ಈಗ, ಇಲ್ಲಿ, ನಮ್ಮ ಪಕ್ಕದಲ್ಲಿ ಹೇಗೆ ಬಾಳುತ್ತಿದೆ ಎಂದು ನೋಡುವ ಆಸೆ ಮಾತ್ರ ಯಾರಿಗೂ ಇಲ್ಲ. ಮೊದಲನೆಯದು ಎರಡನೆಯದಕ್ಕೆ ಹಾಕಿದ ಪರದೆ ಎಂಬುದೇ ನಮ್ಮ ಆಕ್ಷೇಪ.

2024ನೇ ಇಸವಿಯನ್ನೇ ನೋಡೋಣ. ಏಪ್ರಿಲ್‌ನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ‘ಫಾಲ್‌ಔಟ್’ ಸರಣಿ ಬಂದಿತು. ಅಣುಯುದ್ಧದ ಎರಡು ಶತಮಾನಗಳ ನಂತರದ ಅಮೆರಿಕವನ್ನು ಹಳೆಯ ಹಾಡುಗಳ ಹಿನ್ನೆಲೆಯಲ್ಲಿ ವಿನೋದವಾಗಿ ತೋರಿಸುವ ಸರಣಿ. ಜೂನ್ 27ರಂದು ನಾಗ್ ಅಶ್ವಿನ್ ನಿರ್ದೇಶನದ ‘ಕಲ್ಕಿ 2898 ಎ.ಡಿ.’ ತೆರೆ ಕಂಡಿತು. ಡಿಸೆಂಬರ್‌ನಲ್ಲಿ ನಮ್ಮ ಉಪೇಂದ್ರರ ‘ಯುಐ’ ಬಂದಿತು. 2040ರ ಹಾಳುಬಿದ್ದ ಲೋಕವನ್ನು ತೋರಿಸುವ ಅದರ ಮುನ್ನೋಟವೇ ಚಿತ್ರಕ್ಕಿಂತ ಹೆಚ್ಚು ಚರ್ಚೆಯಾಯಿತೇನೋ. ಎಲ್ಲವೂ ಅಣುಬಾಂಬಿನ ಕಥೆಗಳಲ್ಲ, ಒಪ್ಪುತ್ತೇವೆ. ‘ಕಲ್ಕಿ’ಯ ಲೋಕ ಹಾಳಾದದ್ದು ಬಾಂಬಿನಿಂದ ಎಂದು ಆ ಚಿತ್ರ ಹೇಳುವುದಿಲ್ಲ. ಆದರೆ ಬತ್ತಿದ ನದಿ, ತುಕ್ಕು ಹಿಡಿದ ಲೋಹ, ಧೂಳಿನ ಬಯಲಲ್ಲಿ ಗುಡುಗುವ ವಾಹನ, ಆ ವಾಹನದಲ್ಲಿ ಒಬ್ಬಂಟಿ ವೀರ, ಇವೆಲ್ಲ ‘ಮ್ಯಾಡ್ ಮ್ಯಾಕ್ಸ್’ ಕಾಲದಿಂದ ನಡೆದುಬಂದ ಪ್ರಳಯಾನಂತರದ ವೇಷಭೂಷಣಗಳೇ. ಚಿತ್ರಕ್ಕೂ ಮೊದಲೇ ಅದರ ‘ಬುಜ್ಜಿ’ ಎಂಬ ವಾಹನ ಊರೂರು ಸುತ್ತಿತು; ಜನ ಸಾಲುಗಟ್ಟಿ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. ಹಾಳು ಲೋಕಕ್ಕೆ ಹೀಗೊಂದು ಮೆರವಣಿಗೆ.

ಅದೇ ವರ್ಷ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಎರಡನೆಯ ಅಣುಶಕ್ತಿ ಜಲಾಂತರ್ಗಾಮಿಯಾದ ಅರಿಘಾತ ನೌಕಾಪಡೆಗೆ ಸೇರಿತು. ಅಕ್ಟೋಬರ್‌ನಲ್ಲಿ, ಹಿರೋಷಿಮಾ ನಾಗಸಾಕಿಗಳಲ್ಲಿ ಬದುಕುಳಿದವರ ಸಂಘಟನೆಯಾದ ನಿಹೊನ್ ಹಿದಾಂಕ್ಯೊಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತು. ಆ ಜನರ ಸರಾಸರಿ ವಯಸ್ಸು ಆಗಲೇ 85 ದಾಟಿತ್ತು. ನಿಜವಾದ ಪ್ರಳಯಾನಂತರದಲ್ಲಿ ಬಾಳಿದವರು ಭೂಮಿಯ ಮೇಲೆ ಇವರು ಮಾತ್ರ. ಇವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿರುವಾಗ, ಕನ್ನಡ ತೆಲುಗು ವಾಹಿನಿಗಳಲ್ಲಿ ಇವರಿಗೆ ದೊರೆತ ಕಾಲವನ್ನೂ ಬುಜ್ಜಿಗೆ ದೊರೆತ ಕಾಲವನ್ನೂ ಓದುಗರೇ ತೂಗಿ ನೋಡಬಹುದು.

ಹಾಳು ಲೋಕದ ಕಥೆ ನೋಡುವವನಿಗೆ ಏಕೆ ಹಿತವಾಗುತ್ತದೆ? ಅವನು ಸತ್ತವರ ಸಾಲಿನಲ್ಲಿ ಇರುವುದಿಲ್ಲ, ಅದಕ್ಕೆ. ಕಥೆ ಶುರುವಾಗುವ ಹೊತ್ತಿಗೆ ಕೋಟಿಗಟ್ಟಲೆ ಹೆಣಗಳನ್ನು ಯಾರೋ ಸಾಗಿಸಿ ಆಗಿರುತ್ತದೆ, ವಾಸನೆಯಿಲ್ಲ, ನೊಣವಿಲ್ಲ. ಬ್ಯಾಂಕಿನ ಕಂತು, ಮೇಲಧಿಕಾರಿ, ನೆರೆಮನೆಯವರ ಜಾತಿ ವಿಚಾರಣೆ, ಎಲ್ಲವೂ ಒಂದೇ ಬೆಳಕಿನಲ್ಲಿ ಸುಟ್ಟುಹೋಗಿ, ಉಳಿದ ವಿಶಾಲ ಬಯಲು ತನ್ನದಾಗುತ್ತದೆ. ಇದು ಭಯದ ಕಥೆಯಲ್ಲ, ಬಿಡುಗಡೆಯ ಕಥೆ. ಅಣುಬಾಂಬನ್ನು ಬಿಡುಗಡೆಯಾಗಿ ಕಾಣುವ ಅಭ್ಯಾಸ ಆದವನಿಗೆ, ಅದನ್ನು ಸಿಡಿಸುತ್ತೇವೆ ಎನ್ನುವ ರಾಜಕಾರಣಿಯ ಮಾತಿನಿಂದ ರೋಮಾಂಚವಾದರೆ ಸೋಜಿಗವೇನು?

ಆ ರೋಮಾಂಚವನ್ನು ನಾವು 2025ರ ಮೇ ತಿಂಗಳಲ್ಲಿ ಕಣ್ಣಾರೆ ಕಂಡೆವು. ಗಡಿಯಲ್ಲಿ ಕ್ಷಿಪಣಿಗಳು ಹಾರುತ್ತಿದ್ದ ಆ ನಾಲ್ಕು ದಿನ ಸುದ್ದಿವಾಹಿನಿಗಳು ವಿಮಾನದಾಳಿಯ ಸೈರನ್ನನ್ನು ಹಿನ್ನೆಲೆ ಸಂಗೀತವಾಗಿ ಬಳಸಿದವು. ಕೊನೆಗೆ ಕೇಂದ್ರ ಗೃಹ ಸಚಿವಾಲಯವೇ ಮೇ 10ರಂದು, ಜಾಗೃತಿ ಕಾರ್ಯಕ್ರಮಗಳ ಹೊರತು ಆ ಸದ್ದನ್ನು ಬಳಸಬೇಡಿ, ನಿಜವಾದ ಸೈರನ್ ಕೂಗಿದಾಗ ಜನ ಅದನ್ನು ಲಕ್ಷಿಸದೆ ಹೋದಾರು ಎಂದು ಸೂಚನೆ ಕೊಡಬೇಕಾಯಿತು. ಮೇ 7ರಂದು ವಿಶಾಖಪಟ್ಟಣವೂ ಸೇರಿದಂತೆ ದೇಶದ ಹಲವು ಊರುಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆದಿತ್ತು. ನಿಜವಾದ ಅಪಾಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಜನ ಕಲಿಯುತ್ತಿದ್ದ ಸಂಕೇತವನ್ನೇ ವಾಹಿನಿಗಳು ತಮಟೆ ಮಾಡಿಕೊಂಡವು. ಪಾಕಿಸ್ತಾನದ ಕಿರಾಣಾ ಬೆಟ್ಟದಲ್ಲಿ ಅಣ್ವಸ್ತ್ರ ಭಂಡಾರಕ್ಕೆ ಪೆಟ್ಟು ಬಿದ್ದು ವಿಕಿರಣ ಸೋರುತ್ತಿದೆ ಎಂಬ ಸುದ್ದಿ ಅದರ ಬೆನ್ನಿಗೇ ಹರಡಿತು. ನಮ್ಮ ವಾಯುಪಡೆ ಆ ಜಾಗದ ಮೇಲೆ ದಾಳಿಯನ್ನೇ ಮಾಡಿಲ್ಲವೆಂದಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಪಾಕಿಸ್ತಾನದ ಯಾವ ಅಣುಸ್ಥಾವರದಿಂದಲೂ ಸೋರಿಕೆಯಾಗಿಲ್ಲವೆಂದಿತು. ಆದರೂ ಆ ಸುದ್ದಿಯನ್ನು ಹಂಚಿದವರ ಮಾತಿನಲ್ಲಿ ಇದ್ದದ್ದು ಆತಂಕವಲ್ಲ, ಸಂಭ್ರಮ. ವಿಕಿರಣ ಸೋರಿದ್ದರೆ ಅದು ಯಾವ ಗಾಳಿಯಲ್ಲಿ ಎತ್ತ ಬರುತ್ತಿತ್ತು ಎಂದು ಕೇಳಿದವರು ಕಡಿಮೆ.

ಈ ಸಂಭ್ರಮಕ್ಕೆ ನಮ್ಮಲ್ಲಿ ಪುರಾಣದ ಮುದ್ರೆಯೂ ಸಿಕ್ಕಿದೆ. ಬ್ರಹ್ಮಾಸ್ತ್ರವೆಂದರೆ ಅಣುಬಾಂಬೇ, ಮೊಹೆಂಜೊದಾರೋ ಅಸ್ಥಿಪಂಜರಗಳಲ್ಲಿ ವಿಕಿರಣವಿತ್ತು, ಓಪನ್‌ಹೈಮರ್ ಗೀತೆ ಓದಿದ್ದು ಆ ರಹಸ್ಯಕ್ಕಾಗಿಯೇ, ಎಂಬ ಸಂದೇಶಗಳು 2023ರಲ್ಲಿ ನೋಲನ್ನರ ಚಿತ್ರ ಬಂದಾಗ ಮತ್ತೆ ಜೀವ ಪಡೆದವು. ಆ ಹೊತ್ತಿನಲ್ಲಿ ನಮ್ಮ ಸಾರ್ವಜನಿಕ ಚರ್ಚೆ ಎದ್ದದ್ದು ಎಲ್ಲಿ? ಚಿತ್ರದ ಶಯ್ಯಾಗೃಹದ ದೃಶ್ಯದಲ್ಲಿ ಗೀತೆ ಬಂದದ್ದು ಅಪಚಾರವೋ ಅಲ್ಲವೋ ಎಂಬಲ್ಲಿ. 1945ರ ಅಂತ್ಯದೊಳಗೆ ಹಿರೋಷಿಮಾದಲ್ಲೇ ಸತ್ತ ಸುಮಾರು 1,40,000 ಜನರಲ್ಲಿ ಒಬ್ಬರನ್ನೂ ಆ ಚಿತ್ರ ತೋರಿಸಲಿಲ್ಲವಲ್ಲ ಎಂಬ ಮಾತು ಜಪಾನಿನಲ್ಲಿ ಎದ್ದಿತು, ನಮ್ಮಲ್ಲಿ ತೀರ ಕ್ಷೀಣವಾಗಿ ಕೇಳಿಸಿತು.

ಮಹಾಭಾರತದಲ್ಲಿ ಅಣುಬಾಂಬನ್ನು ಹುಡುಕುವವರು ಮಹಾಭಾರತವನ್ನು ಓದುವುದಿಲ್ಲ ಎಂಬುದು ನಮ್ಮ ದೂರು. ಇಂದ್ರಕೀಲದ ಕಥೆಯ ಮುಂದಿನ ಭಾಗ ವನಪರ್ವದಲ್ಲೇ ಇದೆ. ಅಲ್ಪಶಕ್ತಿಯವರ ಮೇಲೆ ಇದನ್ನು ಪ್ರಯೋಗಿಸಿದರೆ ಜಗತ್ತೇ ಸುಟ್ಟುಹೋದೀತು ಎಂದು ಎಚ್ಚರಿಸಿಯೇ ಶಿವನು ಪಾಶುಪತವನ್ನು ಕೊಡುತ್ತಾನೆ. ಐದು ವರ್ಷ ಸ್ವರ್ಗದಲ್ಲಿದ್ದು ಮರಳಿದ ಅರ್ಜುನನನ್ನು ಧರ್ಮರಾಯ ಕೇಳುವುದು ಏನನ್ನು? ಆ ದಿವ್ಯಾಸ್ತ್ರಗಳನ್ನು ನೋಡಬೇಕು, ತೋರಿಸು ಎಂದು. ಧರ್ಮರಾಯನಂಥವನಿಗೂ ಈ ಚಪಲ ತಪ್ಪಲಿಲ್ಲ. ಮರುದಿನ ಅರ್ಜುನ ಶುಚಿಯಾಗಿ, ಕವಚ ತೊಟ್ಟು, ಗಾಂಡೀವ ಹಿಡಿದು ಅಣಿಯಾಗುತ್ತಾನೆ. ಅಷ್ಟಕ್ಕೇ ನೆಲ ನಡುಗುತ್ತದೆ, ನದಿ ಸಮುದ್ರಗಳು ಕಲಕುತ್ತವೆ, ಗಾಳಿ ನಿಲ್ಲುತ್ತದೆ, ಸೂರ್ಯ ಮಂಕಾಗುತ್ತಾನೆ, ನೆಲದೊಳಗಿನ ಜೀವಿಗಳು ಮೇಲೆದ್ದು ಬಂದು ನಡುಗುತ್ತ ಕೈಮುಗಿದು ಪಾಂಡವರನ್ನು ಸುತ್ತುವರಿಯುತ್ತವೆ. ಆಗ ದೇವತೆಗಳು ಕಳಿಸಿದ ನಾರದ ಬಂದು ತಡೆಯುತ್ತಾನೆ: ಗುರಿಯಿಲ್ಲದೆ ಇವನ್ನು ಎಂದೂ ಬಿಡಬಾರದು, ಗುರಿಯಿದ್ದರೂ ಪ್ರಾಣಸಂಕಟವಿಲ್ಲದೆ ಬಿಡಬಾರದು. ಪ್ರದರ್ಶನ ಅಲ್ಲಿಗೇ ನಿಂತುಹೋಗುತ್ತದೆ.

ಅಸ್ತ್ರವನ್ನು ನೋಟದ ವಸ್ತುವಾಗಿ ಬಯಸುವುದೇ ತಪ್ಪೆಂದು, ಇದಕ್ಕಿಂತ ನೇರವಾಗಿ ಹೇಳುವ ಪ್ರಸಂಗ ನಮಗೆ ಬೇರೆ ಗೊತ್ತಿಲ್ಲ. ವಾಟ್ಸಾಪಿನ ಮಹಾಭಾರತದಲ್ಲಿ ಈ ಪ್ರಸಂಗವಿಲ್ಲ.

ಸೌಪ್ತಿಕಪರ್ವವೂ ಅವರಿಗೆ ಬೇಡ. ಅಶ್ವತ್ಥಾಮ ಬಿಟ್ಟ ಬ್ರಹ್ಮಶಿರಾಸ್ತ್ರಕ್ಕೆ ಅರ್ಜುನ ಪ್ರತ್ಯಸ್ತ್ರ ಹೂಡಿದಾಗ ವ್ಯಾಸ ನಾರದರಿಬ್ಬರೂ ನಡುವೆ ಬಂದು ನಿಲ್ಲುತ್ತಾರೆ. ಒಂದು ಬ್ರಹ್ಮಶಿರವನ್ನು ಇನ್ನೊಂದು ಅಸ್ತ್ರ ಎದುರಿಸಿದ ನಾಡಿನಲ್ಲಿ ಹನ್ನೆರಡು ವರ್ಷ ಮಳೆಯಾಗದು ಎಂಬ ಮಾತು ಅಲ್ಲಿದೆ. ಅರ್ಜುನ ತನ್ನದನ್ನು ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಅದು ಗೊತ್ತಿಲ್ಲ, ಅವನ ಅಸ್ತ್ರ ಹೆಂಗಸರ ಗರ್ಭಗಳತ್ತ ತಿರುಗುತ್ತದೆ. ‘ಕಲ್ಕಿ’ಗೆ ಈ ಗರ್ಭದ ನೆನಪು ಇದೆ ಎಂಬುದನ್ನು ನಾವು ಮೆಚ್ಚಲೇಬೇಕು, ಅಮಿತಾಭ್ ಬಚ್ಚನ್ನರ ಅಶ್ವತ್ಥಾಮ ಇಡೀ ಚಿತ್ರದಲ್ಲಿ ಒಬ್ಬ ಬಸುರಿಯನ್ನು ಕಾಯುತ್ತಾನೆ. ಆದರೆ ವ್ಯಾಸರ ಅಶ್ವತ್ಥಾಮ ಕೀವು ನೆತ್ತರುಗಳ ವಾಸನೆ ಹೊತ್ತು ಮಾತನಾಡುವ ಜೊತೆಯಿಲ್ಲದೆ ಅಲೆಯಬೇಕಾದವನು. ಚಿತ್ರದವನು ಶಿಳ್ಳೆ ಗಿಟ್ಟಿಸುವ ಎಂಟಡಿ ವೀರ. ಅಸ್ತ್ರ ಬಿಟ್ಟವನಿಗೂ ನಾವು ಕಡೆಗೆ ಒಂದು ಹೊಡೆದಾಟ ಬರೆದುಕೊಟ್ಟೆವು.

2019ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತ ಪಾಕಿಸ್ತಾನಗಳ ನಡುವೆ ಅಣುಯುದ್ಧವಾದರೆ ಏನಾದೀತೆಂದು ಲೆಕ್ಕ ಹಾಕಿತ್ತು. ಕೂಡಲೇ ಸಾಯುವವರು 5 ಕೋಟಿಯಿಂದ 12.5 ಕೋಟಿ. ಉರಿಯುವ ನಗರಗಳ ಮಸಿ ಮೇಲಿನ ವಾತಾವರಣಕ್ಕೇರಿ ಬಿಸಿಲನ್ನು ಶೇ. 20ರಿಂದ 35ರಷ್ಟು ತಡೆಯುತ್ತದೆ. ಭೂಮಿ 2ರಿಂದ 5 ಡಿಗ್ರಿ ತಣ್ಣಗಾಗುತ್ತದೆ. ಜಗತ್ತಿನ ಮಳೆ ಶೇ. 15ರಿಂದ 30ರಷ್ಟು ಇಳಿಯುತ್ತದೆ. ಚೇತರಿಕೆಗೆ ಹತ್ತು ವರ್ಷ ಮೀರಬಹುದು. (ಹನ್ನೆರಡು ವರ್ಷದ ಕ್ಷಾಮವನ್ನೂ ಇದನ್ನೂ ಜೋಡಿಸಿ, ನಮ್ಮ ಋಷಿಗಳಿಗೆ ಎಲ್ಲ ಗೊತ್ತಿತ್ತು ಎಂದು ಸಂದೇಶ ಹೊರಡಿಸಬೇಡಿರೆಂದು ಓದುಗರಲ್ಲಿ ವಿನಂತಿ. ಬರ ಕಂಡ ನಾಡಿನ ಕವಿಗೆ ಸರ್ವನಾಶದ ಚಿತ್ರವಾಗಿ ಬರವೇ ತೋರಿತು, ಅಷ್ಟೆ.) ಮಳೆಯ ಈ ಲೆಕ್ಕವನ್ನು ಇಂದ್ರಕೀಲಾದ್ರಿಯ ಮೇಲೆ ನಿಂತು ಓದಬೇಕು. ಕೆಳಗೆ ಪ್ರಕಾಶಂ ಬ್ಯಾರೇಜು. ಅದರ ಕಾಲುವೆಗಳನ್ನು ನಂಬಿ ಹಬ್ಬಿರುವ ಕೃಷ್ಣಾ ಮುಖಜ ಭೂಮಿಯ ಭತ್ತದ ಗದ್ದೆ. ಮೇಲಕ್ಕೆ ಹೋದರೆ ಅದೇ ನದಿಗೆ ನಮ್ಮ ಆಲಮಟ್ಟಿ. ಯಾವ ಬಾಂಬೂ ಬೀಳದ ಬಾಗಲಕೋಟೆಯಲ್ಲೂ ಕಬ್ಬು ಒಣಗುತ್ತದೆ. ಇದನ್ನು ಯಾವ ಚಿತ್ರದಲ್ಲೂ ತೋರಿಸಲಾಗದು. ಕುಂಠಿತ ಪೈರಿಗೆ ನಾಯಕನಿಲ್ಲ.

ನಿಜವಾದ ವಿಪತ್ತಿನ ಮಾರನೆಯ ದಿನ ಹೇಗಿರುತ್ತದೆಂದು ಈ ಎರಡು ಊರುಗಳಿಗೂ ಗೊತ್ತು. ಅರಿಘಾತದ ಸಮಾರಂಭ ಮುಗಿದು ಮೂರು ದಿನಕ್ಕೆ, 2024ರ ಸೆಪ್ಟೆಂಬರ್ 1ರಂದು, ಬುಡಮೇರು ಉಕ್ಕಿ ವಿಜಯವಾಡದ ಅಜಿತ್ ಸಿಂಗ್ ನಗರದಂಥ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಮಹಡಿಯ ಮೇಲಿದ್ದವರು ಕೇಳಿದ್ದು ಹಾಲಿನ ಪೊಟ್ಟಣ, ಕುಡಿಯುವ ನೀರು, ಮಾತ್ರೆ. ನೀರಿಳಿದ ಮೇಲೆ ಕೆಸರು ತೊಳೆಯಲು ಅಗ್ನಿಶಾಮಕ ವಾಹನಗಳು ಬಂದವು. ಅದಕ್ಕೂ ಮುನ್ನ, 2020ರ ಮೇ 7ರ ನಸುಕಿನಲ್ಲಿ, ವಿಶಾಖಪಟ್ಟಣದ ಎಲ್‌.ಜಿ. ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಆವಿ ಸೋರಿ ವೆಂಕಟಾಪುರದ ಜನ ನಿದ್ದೆಗಣ್ಣಿನಲ್ಲಿ ಓಡುತ್ತ ಬೀದಿಯಲ್ಲೇ ಕುಸಿದರು. 12 ಮಂದಿ ತೀರಿಕೊಂಡರು. ಅಲ್ಲಿ ಒಂದೇ ಕಾರ್ಖಾನೆ, ಅದೂ ಆಸ್ಪತ್ರೆಗಳೆಲ್ಲ ನೆಟ್ಟಗಿದ್ದ ನಗರದಲ್ಲಿ. ಇದನ್ನು ಕಂಡ ಊರು ಪ್ರಳಯಾನಂತರದ ಸಾಹಸಕಥೆಗಳನ್ನು ನೋಡಿ ನಗಬೇಕಿತ್ತು.

ಸಿನಿಮಾ ಸಿನಿಮಾವೇ, ಅದರ ಮೇಲೇಕೆ ಇಷ್ಟು ಕೋಪ ಎನ್ನುವವರಿದ್ದಾರೆ. ನಾಶವನ್ನು ಕಲ್ಪಿಸುವುದು ಕಲೆಯ ಹಕ್ಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. 1983ರ ನವೆಂಬರ್‌ನಲ್ಲಿ ಅಮೆರಿಕದ ಟಿ.ವಿ.ಯಲ್ಲಿ ‘ದಿ ಡೇ ಆಫ್ಟರ್’ ಬಂದಾಗ ಸುಮಾರು 10 ಕೋಟಿ ಜನ ನೋಡಿದರು; ಅದು ತನ್ನ ಮನಸ್ಸನ್ನು ಕುಗ್ಗಿಸಿತೆಂದು ಅಧ್ಯಕ್ಷ ರೇಗನ್ ದಿನಚರಿಯಲ್ಲಿ ಬರೆದುಕೊಂಡರು. ಹಿರೋಷಿಮಾದಲ್ಲಿ ಬಾಲಕನಾಗಿ ಬದುಕುಳಿದ ನಕಜಾವಾ ಕೇಜಿ ‘ಬೇರ್‌ಫುಟ್ ಗೆನ್’ ಎಂಬ ಚಿತ್ರಕಥೆಯಲ್ಲಿ ತನ್ನ ಮನೆಯವರ ಸಾವನ್ನೇ ಬರೆದ. ಇಂಥವು ಹೆಣಗಳನ್ನು ಗುಡಿಸಿಹಾಕಿ ಕಥೆ ಶುರುಮಾಡುವುದಿಲ್ಲ. ನಮ್ಮಲ್ಲೂ ಒಂದು ಪ್ರಯತ್ನವಾಗಿತ್ತು: ಪೋಖರಣ್ ಸ್ಫೋಟಗಳ ನಂತರ ಆನಂದ ಪಟವರ್ಧನರು ತೆಗೆದ ‘ಜಂಗ್ ಔರ್ ಅಮನ್’. ಅದನ್ನು ಕತ್ತರಿಸದೆ ತೋರಿಸಲು ಸೆನ್ಸಾರ್ ಮಂಡಳಿ ಒಪ್ಪದೆ, 2003ರಲ್ಲಿ ಮುಂಬಯಿ ಹೈಕೋರ್ಟಿನಿಂದ ಅನುಮತಿ ಪಡೆಯಬೇಕಾಯಿತು. ನಗರಗಳನ್ನೇ ಬೂದಿ ಮಾಡುವ ಚಿತ್ರಕ್ಕೆ ಇಲ್ಲದ ಅಡ್ಡಿ, ಪೋಖರಣ್ ಬಳಿಯ ಹಳ್ಳಿಗರನ್ನು ಮಾತನಾಡಿಸಿದ ಚಿತ್ರಕ್ಕೆ.

ಕಣ್ಣು ತೆರೆದರೆ ನೋಡಬೇಕಾದದ್ದು ದೂರವಿಲ್ಲ. ಕಡಪ ಜಿಲ್ಲೆಯ ತುಮ್ಮಲಪಲ್ಲಿಯಲ್ಲಿ ಯುರೇನಿಯಂ ಅದಿರು ತೆಗೆಯುತ್ತಾರೆ. ಅದರ ತ್ಯಾಜ್ಯದ ಕೊಳದಿಂದ ಕೊಳವೆಬಾವಿ ಕೆಟ್ಟಿತು, ಬಾಳೆತೋಟ ಹಾಳಾಯಿತು ಎಂದು ಸುತ್ತಲ ರೈತರು ವರ್ಷಗಳಿಂದ ದೂರುತ್ತಿದ್ದಾರೆ, ಗಣಿಯವರು ಅಲ್ಲಗಳೆಯುತ್ತಿದ್ದಾರೆ. ಮೈಸೂರಿನ ಹೊರವಲಯದ ರೇರ್ ಮೆಟೀರಿಯಲ್ಸ್ ಪ್ಲಾಂಟ್‌ನಲ್ಲಿ ಯುರೇನಿಯಂ ಸಂಪುಷ್ಟಗೊಳ್ಳುತ್ತದೆ. ಜಲಾಂತರ್ಗಾಮಿಗಳ ಇಂಧನ ಅಲ್ಲಿಂದಲೇ ಎಂದು ರಕ್ಷಣಾ ವೀಕ್ಷಕರು ಬರೆಯುತ್ತ ಬಂದಿದ್ದಾರೆ. ಮೈಸೂರಿನ ಓದುಗರಲ್ಲಿ ಎಷ್ಟು ಜನ ಆ ಕಡೆ ಒಮ್ಮೆಯಾದರೂ ಯೋಚಿಸಿದ್ದಾರೆ? ಕೈಗಾದಲ್ಲಿ ಬಾಂಬಿಲ್ಲ, ವಿದ್ಯುತ್ತಿದೆ, ನಿಜ. ಆದರೂ ಅದರ ವಿರುದ್ಧ ದನಿಯೆತ್ತಿ 87ರ ವಯಸ್ಸಿನಲ್ಲಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ನಿಂತರು. 1994ರ ಮೇ 13ರಂದು, ಸ್ಥಾವರ ಕೆಲಸ ಆರಂಭಿಸುವ ಮೊದಲೇ, ಅದರ ಕಾಂಕ್ರೀಟ್ ಗುಮ್ಮಟದ ಭಾಗ ಕುಸಿದುಬಿತ್ತು. ಸಾಹಿತಿಗೇಕೆ ಈ ಉಸಾಬರಿ ಎಂದು ಆಗ ಕೇಳಿದವರ ಸಂತತಿ ಇಂದು ಪ್ರಳಯದ ಚಿತ್ರಗಳಿಗೆ ನಾಲ್ಕು ನಕ್ಷತ್ರ ಕೊಡುತ್ತಿದೆ.

‘ಕಲ್ಕಿ’ಯ ಎರಡನೆಯ ಭಾಗ ಬರಲಿದೆ. ನಮ್ಮ ಬಳಗದಲ್ಲೂ ಅದರ ವಿಮರ್ಶೆ ಬಂದೀತು. ಬರೆಯುವವರು ಗ್ರಾಫಿಕ್ಸ್ ಹೇಗಿತ್ತೆಂದು ಹೇಳುವ ಮೊದಲು, ಆ ಬಯಲಿನ ಹೆಣಗಳನ್ನು ಯಾರು ಹೂಳಿದರು, ಅಲ್ಲಿನ ಮಕ್ಕಳು ಯಾವ ಬಾವಿಯ ನೀರು ಕುಡಿಯುತ್ತಾರೆ ಎಂಬೆರಡನ್ನು ಚಿತ್ರವನ್ನು ಕೇಳಿ ಬರೆಯಲಿ. ಹಾಗೆ ಬರೆದ ವಿಮರ್ಶೆ ಎಷ್ಟೇ ಉದ್ದವಿರಲಿ, ನಾವು ಪ್ರಕಟಿಸುತ್ತೇವೆ.